ಬಕೆಟ್ಟಿಗೆ ಬೀಳದ ನೀರು



ಈ ತಿಂಗಳ ಅಂಕಣಕ್ಕೆ ವಿಷಯವು ನಮ್ಮ ಅಡುಗೆಮನೆಯಿಂದಲೇ ಒದಗಿಬಂದಿದೆ. ಪಾತ್ರೆ ತೊಳೆಯುವ ಯಂತ್ರವು ಹೊಸದೇನಲ್ಲ. ಅಮೆರಿಕೆಯ ಜೋಸೆಫೀನ್ ಕಾಕ್ರೇನ್ ಎಂಬ ಗೃಹಿಣಿ 1886ರಲ್ಲಿಯೇ ಅದಕ್ಕೆ ಪೇಟೆಂಟು ಪಡೆದಿದ್ದರು. ನಮ್ಮ ಕಡೆಯ ಮನೆಗಳಿಗೆ ಅದು ಬಂದದ್ದು ಮಾತ್ರ ಬಹಳ ತಡವಾಗಿ. 2020ರ ಲಾಕ್‌ಡೌನಿನಲ್ಲಿ ಕೆಲಸದವರು ಬರಲಾಗದೆ ಹೋದಾಗ, ದೂರದಲ್ಲಿರುವ ಮಕ್ಕಳು ತಂದೆತಾಯಿಯರಿಗೆಂದು ಇದನ್ನು ಕೊಡಿಸತೊಡಗಿದರು. ಚಿಕ್ಕಬಳ್ಳಾಪುರದ ನಮ್ಮ ಮನೆಗೂ ಅದು ಬಂದದ್ದು ಹಾಗೆಯೇ.

ಅದನ್ನು ಕಂಡೊಡನೆ ನಮ್ಮ ತಾಯಿಯವರು ಕೇಳಿದ ಮೊದಲ ಪ್ರಶ್ನೆ, "ಇದು ಎಷ್ಟು ನೀರು ಕುಡಿಯುತ್ತದಪ್ಪ?" ಎಂಬುದು. ಆ ಪ್ರಶ್ನೆ ನ್ಯಾಯವಾದದ್ದೇ. ನಂದಿಯ ಬೆಟ್ಟಸಾಲಿನಲ್ಲಿ ಹಲವು ನದಿಗಳು ಹುಟ್ಟಿದರೂ ವರ್ಷವಿಡೀ ಹರಿಯುವ ಒಂದು ಹೊಳೆಯೂ ಈ ಜಿಲ್ಲೆಗಿಲ್ಲ. ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಮೂಲಕ ತಂದು ಕೆರೆಗಳಿಗೆ ತುಂಬಿಸಬೇಕಾದ ನಾಡು ಇದು. ಮನೆಗಳಲ್ಲಿ ಕೊಳವೆ ಬಾವಿ ಕೈಕೊಟ್ಟರೆ ಟ್ಯಾಂಕರೇ ಗತಿ. ತುಂಬಿದ ಯಂತ್ರವು ಒಂದು ಸಲಕ್ಕೆ ಸುಮಾರು 10-12 ಲೀಟರಿನಲ್ಲಿ ಕೆಲಸ ಮುಗಿಸುತ್ತದೆಂದೂ, ನಲ್ಲಿಯನ್ನು ಬಿಟ್ಟುಕೊಂಡು ತೊಳೆದರೆ ಅದಕ್ಕಿಂತ ಬಹಳ ಹೆಚ್ಚು ಹೋಗುತ್ತದೆಂದೂ ನಾವು ವಿವರಿಸಿದೆವು. ಅವರು ನಂಬಿದಂತೆ ಕಾಣಲಿಲ್ಲ.

ಹೀಗಿರಲು ಒಂದು ರಾತ್ರಿ, ಪಾತ್ರೆ ತೊಳೆದು ಮುಗಿದ ಮೇಲೂ ಯಂತ್ರವು ನೀರು ಹೊರಹಾಕುವ ಸದ್ದನ್ನು ನಿಲ್ಲಿಸಲೇ ಇಲ್ಲ. ಗುಂಡಿ ಒತ್ತಿ ಆರಿಸಿದರೂ ಸದ್ದು, ಬಾಗಿಲು ತೆರೆದರೂ ಸದ್ದು. ಪ್ಲಗ್ಗನ್ನು ಕಿತ್ತರೆ ಮೌನ, ಮತ್ತೆ ಸಿಕ್ಕಿಸಿದರೆ ಅದೇ ಗುಂಯ್‌ಗುಡುವಿಕೆ. ದುರಸ್ತಿಯವರೊಬ್ಬರಿಗೆ ಫೋನು ಮಾಡಿದೆವು. ಬಂದು ನೋಡುವ ಮೊದಲೇ ಅವರು, "ಬೋರ್ಡು ಹೋಗಿದೆ, ಬದಲಾಯಿಸಬೇಕು" ಎಂದು ತೀರ್ಪಿತ್ತು, ಯಂತ್ರದ ಬೆಲೆಯ ಕಾಲುಭಾಗದಷ್ಟು ಹಣವನ್ನು ಹೇಳಿದರು.

ನಾವು ಹಣದ ಚಿಂತೆಯಲ್ಲಿದ್ದರೆ ತಾಯಿಯವರಿಗೆ ನೀರಿನ ಚಿಂತೆ. "ಹೋಗೋ ನೀರನ್ನ ಹಿಡಿದಾದರೂ ಇಟ್ಟುಕೊಳ್ಳಿ, ನೆಲ ಒರೆಸೋಕಾದರೂ ಆದೀತು" ಎಂದು ಮುಕ್ಕಾಲಿಯ ಮೇಲೆ ಬಕೆಟ್ಟನ್ನಿರಿಸಿ, ಯಂತ್ರದ ಹೊರಕೊಳವೆಯನ್ನು ಅದರೊಳಕ್ಕೆ ಇಳಿಬಿಡಿಸಿದರು. ಅರ್ಧ ಗಂಟೆಯ ತರುವಾಯ ಬಂದು ನೋಡಿದವರು ನಮ್ಮನ್ನು ಕರೆದರು. ಬಕೆಟ್ಟಿನಲ್ಲಿ ಒಂದು ಲೋಟದಷ್ಟು ನೀರೂ ಇರಲಿಲ್ಲ! "ಇಷ್ಟು ಹೊತ್ತು ಇದು ಚೆಲ್ಲಿದ್ದೇನು?" ಎಂದು ಅವರು ಕೇಳಿದರು.

ಆ ಪ್ರಶ್ನೆಯೇ ನಮಗೆ ದಾರಿ ತೋರಿಸಿತು. ಪಂಪು ಓಡುತ್ತಿದೆ, ಆದರೆ ಹೊರಹಾಕಲು ನೀರೇ ಇಲ್ಲ. ಹಾಗಾದರೆ ಅದನ್ನು ಓಡಿಸುತ್ತಿರುವುದು ಯಾವುದು?

ಈಗಿನ ಬಹುತೇಕ ಯಂತ್ರಗಳ ತಳದಲ್ಲಿ, ನಮ್ಮ ಕಣ್ಣಿಗೆ ಬೀಳದಂತೆ ಒಂದು ಅಗಲವಾದ ತಟ್ಟೆಯಿರುತ್ತದೆ. ಅದರಲ್ಲಿ ಬೆಂಡಿನಂಥ ಹಗುರವಾದ ಬಿಳಿಯ ತುಂಡೊಂದು, ಅದರ ಮೇಲೊಂದು ಚಿಕ್ಕ ಸ್ವಿಚ್ಚು. ಎಲ್ಲಿಂದಲಾದರೂ ನೀರು ಸೋರಿ ತಟ್ಟೆಗೆ ಇಳಿದರೆ ಬೆಂಡು ತೇಲಿ ಸ್ವಿಚ್ಚನ್ನು ಒತ್ತುತ್ತದೆ. ಒಡನೆಯೇ ಯಂತ್ರವು ಒಳಬರುವ ನೀರನ್ನು ತಡೆದು, ಪಂಪನ್ನು ಬಿಡದೆ ಓಡಿಸುತ್ತದೆ. ಮನೆ ಜಲಮಯವಾಗದಿರಲೆಂದು ಮಾಡಿದ ಕಾವಲು ಇದು. ಆದರೆ ಪಂಪು ಹೊರಹಾಕುವುದು ತೊಟ್ಟಿಯೊಳಗಿನ ನೀರನ್ನು ಮಾತ್ರ, ತಳದ ತಟ್ಟೆಯ ನೀರು ಅದಕ್ಕೆ ಎಟುಕುವುದಿಲ್ಲ. ಆದಕಾರಣ ತಟ್ಟೆ ಒಣಗುವವರೆಗೂ ಅದು ಬರಿದೇ ಓಡುತ್ತಲೇ ಇರುತ್ತದೆ. ಬಾಷ್, ಸೀಮೆನ್ಸ್ ಯಂತ್ರಗಳಲ್ಲಿ ಆಗ ಇ-15 ಎಂಬ ಸಂಕೇತ ಮೂಡುವುದುಂಟು. ಸಂಕೇತಫಲಕವೇ ಇಲ್ಲದ ಯಂತ್ರದಲ್ಲಿ ಬಕೆಟ್ಟೇ ಫಲಕ. ಅರ್ಧ ಗಂಟೆ ಓಡಗೊಟ್ಟದ್ದು ಮಾತ್ರ ನಮ್ಮ ತಪ್ಪು. ನೀರಿಲ್ಲದೆ ಓಡಿದರೆ ಪಂಪು ಕೆಡಬಹುದು, ಪರೀಕ್ಷೆಗೆ ನಾಲ್ಕೈದು ನಿಮಿಷವೇ ಸಾಕು.

ಪ್ಲಗ್ಗನ್ನು ಕಿತ್ತು, ನೀರಿನ ನಲ್ಲಿಯನ್ನು ಮುಚ್ಚಿ, ಯಂತ್ರದ ಮುಂದಿನ ಕೆಳಪಟ್ಟಿಯ ತಿರುಪುಗಳನ್ನು ಬಿಚ್ಚಿದೆವು. ಟಾರ್ಚು ಬಿಟ್ಟು ನೋಡಿದರೆ ತಟ್ಟೆಯಲ್ಲಿ ಒಂದು ಚೊಂಬಿನಷ್ಟು ನೀರು, ಅದರ ಮೇಲೆ ನೊರೆ. ಸ್ಪಂಜಿನಿಂದ ಹೀರಿ, ಹಳೆಯ ಬಟ್ಟೆಯಿಂದ ಒರೆಸಿ, ರಾತ್ರಿಯೆಲ್ಲ ಆರಲು ಬಿಟ್ಟೆವು. ಬೆಳಿಗ್ಗೆ ಪ್ಲಗ್ಗು ಸಿಕ್ಕಿಸಿದಾಗ ಯಂತ್ರ ಸದ್ದಿಲ್ಲದೆ ನಿಂತಿತ್ತು.

ತಟ್ಟೆಯನ್ನು ಒಣಗಿಸಿದ ಮಾತ್ರಕ್ಕೆ ರೋಗ ವಾಸಿಯಾದಂತಲ್ಲ. ನೀರು ಎಲ್ಲಿಂದ ಬಂತು ಎಂಬುದು ತಿಳಿಯಬೇಕು. ಆ ನೊರೆಯೇ ಸಾಕ್ಷಿ ಹೇಳಿತು. ಯಂತ್ರದ ಪುಡಿ ಮುಗಿದಿದ್ದರಿಂದ ಸೊಸೆಯು ಕೈಯಲ್ಲಿ ತೊಳೆಯುವ ದ್ರವದ ಸೋಪನ್ನೇ ಎರಡು ಚಮಚ ಹಾಕಿದ್ದಳು. ಯಂತ್ರದ ಪುಡಿಯಲ್ಲಿ ನೊರೆ ಬಾರದಂತೆ ಏರ್ಪಾಟಿರುತ್ತದೆ, ಕೈಸೋಪಿನಲ್ಲಿ ನೊರೆಯೇ ಪ್ರಧಾನ. ಅದು ತೊಟ್ಟಿಯ ತುಂಬ ಉಕ್ಕಿ, ಬಾಗಿಲಿನ ಸಂದಿನಿಂದ ತಟ್ಟೆಗೆ ಇಳಿದಿತ್ತು. ಸೊಸೆ ನೊಂದುಕೊಂಡಾಗ ತಾಯಿಯವರು, "ಸೋಪು ಸೋಪೇ ಅಲ್ಲವೇನಮ್ಮ, ನಾನಾಗಿದ್ದರೂ ಅದನ್ನೇ ಹಾಕುತ್ತಿದ್ದೆ" ಎಂದು ಸಮಾಧಾನ ಹೇಳಿದರು. ಉಳಿದ ನೊರೆಯನ್ನು ಬಾಚಿ ತೆಗೆದು, ಸೋಪಿಲ್ಲದೆ ಒಂದು ಚಿಕ್ಕ ಸುತ್ತು ಓಡಿಸಿದ ಮೇಲೆ ತೊಂದರೆ ಮರುಕಳಿಸಲಿಲ್ಲ. ಬೋರ್ಡಿಗೆ ಏನೂ ಆಗಿರಲಿಲ್ಲ.

ನೊರೆಯ ಸುಳಿವಿಲ್ಲದೆ ತಟ್ಟೆಯಲ್ಲಿ ಬರಿಯ ನೀರೇ ಇದ್ದರೆ ಬಾಗಿಲಿನ ರಬ್ಬರು ಪಟ್ಟಿ, ಒಳಗಿನ ಕೊಳವೆಗಳ ಜೋಡಣೆ, ಪಂಪಿನ ಸೀಲು, ಇವುಗಳನ್ನು ಶಂಕಿಸಬೇಕು. ತಟ್ಟೆ ಒಣಗಿದ ಮೇಲೆ ಒಂದು ಚಿಕ್ಕ ಸುತ್ತು ನಡೆಸಿ, ಪ್ಲಗ್ಗು ಕಿತ್ತು, ಆಮೇಲೆ ಟಾರ್ಚಿನಿಂದ ನೋಡಿದರೆ ಹಸಿ ಎಲ್ಲಿಂದ ಇಳಿದಿದೆಯೆಂಬುದು ಅನೇಕ ವೇಳೆ ಕಾಣುತ್ತದೆ. ನಮ್ಮ ಕೊಳವೆ ಬಾವಿಗಳ ಗಡಸು ನೀರಿನಿಂದ ರಬ್ಬರಿನ ಮೇಲೆ ಬಿಳಿಯ ಪಾಚು ಕಟ್ಟಿ ಬಾಗಿಲು ಬಿಗಿಯಾಗಿ ಕೂರದಿರುವುದೂ ಉಂಟು. ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಬೇಕು, ಯಂತ್ರದ ಉಪ್ಪನ್ನು ತಪ್ಪದೆ ತುಂಬಬೇಕು. ಅಡುಗೆಯ ಪುಡಿ ಉಪ್ಪು ಅದಕ್ಕೆ ಸಲ್ಲದು. (ಈ ಉಪ್ಪು ನೀರಿನ ಗಡಸುತನವನ್ನು ತಗ್ಗಿಸಲು ನೆರವಾಗುತ್ತದೆಯೇ ಹೊರತು, ನಮ್ಮ ಭಾಗದ ನೀರಿನ ಫ್ಲೋರೈಡನ್ನು ತೆಗೆಯುವುದಿಲ್ಲ. ಕೇಳಿದವರಿದ್ದಾರೆ, ಆದ್ದರಿಂದ ಬರೆದೆವು.)

ಇನ್ನು ಬಕೆಟ್ಟು ನಿಜವಾಗಿಯೂ ತುಂಬುತ್ತಲೇ ಹೋದರೆ ಕಥೆ ಬೇರೆ. ಗೌರಿಬಿದನೂರಿನ ನಮ್ಮ ಭಾವನವರ ಮನೆಯಲ್ಲಿ ಆದದ್ದು ಅದು. ನೀರನ್ನು ಒಳಬಿಡುವ ಕವಾಟದಲ್ಲಿ ಕೊಳವೆ ಬಾವಿಯ ಸಣ್ಣ ಮರಳು ಸಿಕ್ಕಿಕೊಂಡು ಅದು ಪೂರ್ತಿ ಮುಚ್ಚದೆ, ಒಂದು ಕಡೆಯಿಂದ ನೀರು ಬರುತ್ತಿದ್ದರೆ ಇನ್ನೊಂದು ಕಡೆಯಿಂದ ಪಂಪು ಹೊರಹಾಕುತ್ತಿತ್ತು. ಮೇಲಿನ ತೊಟ್ಟಿ ಬರಿದಾಗುವವರೆಗೆ ಯಾರಿಗೂ ತಿಳಿಯಲಿಲ್ಲ, ಮರುದಿನ ಟ್ಯಾಂಕರು ತರಿಸಬೇಕಾಯಿತು. ಇದರ ಪರೀಕ್ಷೆ ಸುಲಭ. ಪ್ಲಗ್ಗು ಕಿತ್ತು, ನಲ್ಲಿಯನ್ನು ತೆರೆದೇ ಇಟ್ಟು, ತೊಟ್ಟಿಯ ತಳವನ್ನು ನೋಡುತ್ತಿರಬೇಕು. ವಿದ್ಯುತ್ತಿಲ್ಲದೆಯೂ ನೀರೇರಿದರೆ ಕವಾಟವೇ ದೋಷಿ. ನಲ್ಲಿಗೆ ಸೇರುವ ಕೊಳವೆಯ ಬಾಯಲ್ಲಿರುವ ಸಣ್ಣ ಜಾಲರಿಯನ್ನು ಆಗಾಗ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯುತ್ತಿದ್ದರೆ ಈ ಕಷ್ಟ ವಿರಳ.

ಚಿಂತಾಮಣಿಯ ಬಂಧುಗಳೊಬ್ಬರ ಮನೆಯಲ್ಲಿ ಪಂಪಿನ ಸದ್ದೇ ಇಲ್ಲದೆ ನೀರು ಹರಿದುಹೋಗುತ್ತಿತ್ತು. ಹೊರಕೊಳವೆಯ ತುದಿಯನ್ನು ನೆಲದ ಮೋರಿಗೆ ಇಳಿಬಿಟ್ಟಿದ್ದರು. ಮೇಲಿನ ನೀರು ತಗ್ಗಿಗೆ ತಾನಾಗಿಯೇ ಎಳೆದುಕೊಳ್ಳುತ್ತದಷ್ಟೆ. ಕೈಪಿಡಿಯಲ್ಲಿ ಹೇಳಿದ ಎತ್ತರಕ್ಕೆ ತುದಿಯನ್ನು ಏರಿಸಿ ಕಟ್ಟಿದರು, ಸರಿಹೋಯಿತು.

ತಟ್ಟೆ ಒಣಗಿದೆ, ಬೆಂಡು ಕೆಳಗೇ ಇದೆ, ನೀರೂ ಒಳಬರುತ್ತಿಲ್ಲ, ಆದರೂ ಪ್ಲಗ್ಗು ಸಿಕ್ಕಿಸಿದೊಡನೆ ಪಂಪು ಓಡುತ್ತದೆ ಎಂದಾದರೆ, ಆಗ ಬೆಂಡಿನ ಸ್ವಿಚ್ಚೋ ಬೋರ್ಡೋ ಕೆಟ್ಟಿರಬಹುದು. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು, ಬಲ್ಲವರನ್ನು ಕರೆಯಬೇಕು.

ಒಂದು ಮಾತನ್ನು ಒತ್ತಿ ಹೇಳಲೇಬೇಕಾಗಿದೆ. ಶಿಡ್ಲಘಟ್ಟದ ಸಮೀಪದ ರೈತ ಕುಟುಂಬವೊಂದರಲ್ಲಿ, ಸದ್ದು ನಿಲ್ಲಿಸಲೆಂದು ರಿಪೇರಿಯವನೊಬ್ಬ ಬೆಂಡಿನ ಸ್ವಿಚ್ಚಿನ ತಂತಿಯನ್ನೇ ಕಿತ್ತುಹಾಕಿ ಹೋದ. ಸದ್ದೇನೋ ನಿಂತಿತು. ಸೋರಿಕೆ ನಿಲ್ಲಲಿಲ್ಲ. ಎರಡು ದಿನ ಕಳೆದ ಮೇಲೆ ರಾತ್ರಿ ನೀರು ಪಕ್ಕದ ಕೋಣೆಗೆ ಹರಿದು, ಮರುದಿನದ ಮಾರುಕಟ್ಟೆಗೆಂದು ಹರವಿದ್ದ ರೇಷ್ಮೆಗೂಡುಗಳು ನೆಂದವು. ನೆಂದ ಗೂಡಿಗೆ ಯಾರು ಬೆಲೆ ಕೊಡುತ್ತಾರೆ? ವಿದ್ಯುತ್ ಯಂತ್ರದ ಸುತ್ತ ನಿಂತ ನೀರಿನಲ್ಲಿ ಮನೆಯ ಹೆಣ್ಣುಮಕ್ಕಳು ಬರಿಗಾಲಿನಲ್ಲಿ ನಡೆದಾಡಿದ್ದನ್ನು ನೆನೆದರೆ, ನಷ್ಟವು ಗೂಡುಗಳಷ್ಟರಲ್ಲೇ ಮುಗಿದದ್ದು ಪುಣ್ಯ. ಆ ತಂತಿಯನ್ನು ಯಾರೇ ಕೀಳಬಂದರೂ ಒಪ್ಪಬೇಡಿರಿ.

ನಮ್ಮ ಮನೆಯಲ್ಲಿ ಮುಕ್ಕಾಲಿ, ಬಕೆಟ್ಟು ಅಲ್ಲಿಯೇ ನೆಲೆಯೂರಿವೆ. ಪ್ರತಿ ಸಲ ಎಷ್ಟು ನೀರು ಬಂತೆಂದು ತಾಯಿಯವರು ನೋಡುತ್ತಾರೆ, ಹತ್ತು ಹನ್ನೊಂದು ಲೀಟರಿಗಿಂತ ಹೆಚ್ಚಾಗದ್ದನ್ನು ಕಂಡ ಮೇಲೆ ಯಂತ್ರದ ಮೇಲಿನ ಅವರ ಸಂಶಯ ಸ್ವಲ್ಪ ಕಡಿಮೆಯಾಗಿದೆ. ಪುಡಿಯ ಕ್ಷಾರ ಬೆರೆತ ಆ ನೀರನ್ನು ಕರಿಬೇವಿನ ಗಿಡಕ್ಕೆ ಹಾಕಲು ನಾವು ಬಿಟ್ಟಿಲ್ಲ. ಶೌಚಾಲಯಕ್ಕೆ ಸುರಿಯುತ್ತಾರೆ.