ಭಾರತ–ಅಮೆರಿಕ ರಾಜತಾಂತ್ರಿಕ ಪ್ರಾತಿನಿಧ್ಯ: ಕಲ್ಕತ್ತೆಯಿಂದ ಬೆಂಗಳೂರಿನವರೆಗೆ

ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ನಿಡಸೋಸಿ ಗ್ರಾಮವು ಶ್ರೀ ದುರದುಂಡೀಶ್ವರ ಮಠದಿಂದ ಹೆಸರಾದ ಕ್ಷೇತ್ರವಾಗಿದೆ. ಇಲ್ಲಿನ ಹಿರಾಶುಗರ್ ತಾಂತ್ರಿಕ ಮಹಾವಿದ್ಯಾಲಯವು 1996ರಲ್ಲಿ ಸ್ಥಾಪನೆಯಾದ ನಂತರ, ಹುಕ್ಕೇರಿ, ಗೋಕಾಕ ಹಾಗೂ ಮೂಡಲಗಿ ಭಾಗದ ರೈತ ಕುಟುಂಬಗಳ ಮಕ್ಕಳಿಗೆ ಎಂಜಿನಿಯರಿಂಗ್ ಶಿಕ್ಷಣವು ಮನೆಯ ಸಮೀಪದಲ್ಲಿಯೇ ದೊರೆಯುವಂತಾಯಿತು. ಪದವಿಯ ನಂತರ ಉನ್ನತ ವ್ಯಾಸಂಗಕ್ಕಾಗಿ ವಿದೇಶಕ್ಕೆ ತೆರಳಬಯಸುವವರಿಗೆ ಮಾತ್ರ ಸಾಮೀಪ್ಯದ ಈ ಅನುಕೂಲ ಒದಗಿ ಬಂದಿಲ್ಲ. ದಿನಾಂಕ 17 ಜನವರಿ 2025ರಂದು ಬೆಂಗಳೂರಿನಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಕಾನ್ಸುಲೇಟ್ ಉದ್ಘಾಟನೆಗೊಂಡಾಗ, ಇನ್ನು ಮುಂದೆ ವೀಸಾ ಸಂದರ್ಶನಕ್ಕೆ ಚೆನ್ನೈಗಾಗಲಿ ಮುಂಬಯಿಗಾಗಲಿ ಹೋಗಬೇಕಾದುದಿಲ್ಲವೆಂದು ಅನೇಕ ಪಾಲಕರು ಭಾವಿಸಿದ್ದು ಸಹಜವೇ ಆಗಿದೆ. ಆದರೆ ಕಚೇರಿ ತೆರೆಯುವುದು ಬೇರೆ, ಸೇವೆ ಆರಂಭವಾಗುವುದು ಬೇರೆ. ಎರಡು ದೇಶಗಳ ನಡುವಿನ ಪ್ರಾತಿನಿಧ್ಯದ ಇತಿಹಾಸದಲ್ಲಿ ಈ ಅಂತರವು ಮೊದಲ ದಿನದಿಂದಲೂ ಕಂಡುಬರುತ್ತದೆ.

ಮೊದಲಿಗೆ ಪದಗಳ ವಿಚಾರ. ಒಂದು ರಾಷ್ಟ್ರವು ಮತ್ತೊಂದು ರಾಷ್ಟ್ರದ ರಾಜಧಾನಿಯಲ್ಲಿ ಹೊಂದಿರುವ ಮುಖ್ಯ ಪ್ರತಿನಿಧಿ ಕಚೇರಿಗೆ ರಾಯಭಾರ ಕಚೇರಿ ಎನ್ನಲಾಗುತ್ತದೆ. ಇತರ ನಗರಗಳಲ್ಲಿರುವುದು ಕಾನ್ಸುಲೇಟ್. ಇದನ್ನು ವಾಣಿಜ್ಯ ದೂತಾವಾಸವೆಂದೂ ಕರೆಯುವ ರೂಢಿಯುಂಟು. ಇಂದು ಅಲ್ಲಿ ನಡೆಯುವ ಕೆಲಸದ ಬಹುಪಾಲು ವಾಣಿಜ್ಯಕ್ಕೆ ಸಂಬಂಧಿಸಿದ್ದಲ್ಲವಾದರೂ, ಈ ಹೆಸರಿನಲ್ಲಿ ಹಳೆಯ ಕಾಲದ ನೆನಪು ಉಳಿದುಕೊಂಡಿದೆ. 1963ರ ವಿಯೆನ್ನಾ ಒಪ್ಪಂದದ 4ನೇ ವಿಧಿಯ ಪ್ರಕಾರ, ಆತಿಥೇಯ ರಾಷ್ಟ್ರದ ಸಮ್ಮತಿಯಿಲ್ಲದೆ ಯಾವ ಕಾನ್ಸುಲೇಟನ್ನೂ ಸ್ಥಾಪಿಸುವಂತಿಲ್ಲ. ಅದರ ಸ್ಥಳ, ದರ್ಜೆ ಹಾಗೂ ಕಾರ್ಯವ್ಯಾಪ್ತಿಯ ಪ್ರದೇಶಕ್ಕೂ ಆ ರಾಷ್ಟ್ರದ ಒಪ್ಪಿಗೆ ಅಗತ್ಯ. ಕಳುಹಿಸುವವರು ಕಳುಹಿಸಿದರಷ್ಟೇ ಸಾಲದು, ಬರಮಾಡಿಕೊಳ್ಳುವವರೂ ಒಪ್ಪಬೇಕು.

ಈ ನಿಯಮವು ಲಿಖಿತ ರೂಪಕ್ಕೆ ಬರುವುದಕ್ಕೆ ಬಹಳ ಹಿಂದೆಯೇ ಅದರ ಬಿಸಿ ತಟ್ಟಿದ್ದು ಬೆಂಜಮಿನ್ ಜಾಯ್ ಎಂಬ ವರ್ತಕರಿಗೆ. ಅಮೆರಿಕದ ಮೊದಲ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ ಅವರು 1792ರಲ್ಲಿ ಜಾಯ್ ಅವರನ್ನು ಕಲ್ಕತ್ತೆಯ ಕಾನ್ಸುಲ್ ಆಗಿ ನೇಮಿಸಿದರು. ಜಾಯ್ ಅವರು 1794ರಲ್ಲಿ ಕಲ್ಕತ್ತೆಯನ್ನು ತಲುಪಿದಾಗ ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರವು ಅವರನ್ನು ಕಾನ್ಸುಲ್ ಎಂದು ಮಾನ್ಯ ಮಾಡಲಿಲ್ಲ. ಕಂಪನಿಯ ನ್ಯಾಯವ್ಯಾಪ್ತಿಗೆ ಒಳಪಟ್ಟು, ಕೇವಲ ವಾಣಿಜ್ಯ ಪ್ರತಿನಿಧಿಯಾಗಿ ವಾಸಿಸಲು ಮಾತ್ರ ಅನುಮತಿ ದೊರೆಯಿತು. ಅಧ್ಯಕ್ಷರ ನೇಮಕಾತಿ ಪತ್ರ ಕೈಯಲ್ಲಿದ್ದರೂ ಅಧಿಕಾರವಿರಲಿಲ್ಲ. ಅದೇ 1794ರಲ್ಲಿ ಮದ್ರಾಸಿನಲ್ಲಿಯೂ ವಿಲಿಯಂ ಅಬಟ್ ಎಂಬುವರನ್ನು ಪ್ರತಿನಿಧಿಯಾಗಿ ನೇಮಿಸಲಾಯಿತು. ಚೆನ್ನೈಯ ಇಂದಿನ ಅಮೆರಿಕನ್ ಕಾನ್ಸುಲೇಟ್ ಜನರಲ್ ತನ್ನ ಮೂಲವನ್ನು ಗುರುತಿಸಿಕೊಳ್ಳುವುದು ಆ ನೇಮಕಾತಿಯಿಂದಲೇ.

ಇದಕ್ಕೂ ಮುನ್ನ ಕನ್ನಡ ನಾಡಿನ ಹೆಸರೊಂದು ಅಮೆರಿಕದ ಜಲಮಾರ್ಗದಲ್ಲಿ ಕೇಳಿಬಂದಿತ್ತು. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಬ್ರಿಟಿಷರ ವಿರುದ್ಧ ಮೈಸೂರಿನ ಹೈದರ್ ಅಲಿ ನಡೆಸುತ್ತಿದ್ದ ಯುದ್ಧದ ಸುದ್ದಿ ಅಲ್ಲಿಯವರೆಗೂ ತಲುಪಿತ್ತು. ಪೆನ್ಸಿಲ್ವೇನಿಯಾ ರಾಜ್ಯದ ‘ಹೈದರ್ ಅಲಿ’ ಎಂಬ ಹಡಗು 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು. ಆದರೆ ಹೆಸರು ತಲುಪಿದಷ್ಟು ಸುಲಭವಾಗಿ ದೂತರು ತಲುಪಲಾರರು. 1799ರ ನಂತರ ಮೈಸೂರು ಸಂಸ್ಥಾನಕ್ಕೆ ವಿದೇಶಗಳೊಂದಿಗೆ ಸ್ವತಂತ್ರವಾಗಿ ವ್ಯವಹರಿಸುವ ಅಧಿಕಾರವೇ ಇಲ್ಲವಾಯಿತು. ಹುಕ್ಕೇರಿ ಭಾಗವಂತೂ ಮುಂಬಯಿ ಪ್ರಾಂತ್ಯದ ಬೆಳಗಾವಿ ಜಿಲ್ಲೆಗೆ ಸೇರಿದ್ದು, ಅದರ ಆಡಳಿತದ ದಿಕ್ಕು 1956ರವರೆಗೂ ಮುಂಬಯಿಯೇ ಆಗಿತ್ತು. ವಿದೇಶಿ ಪ್ರತಿನಿಧಿಗಳು ಬಂದರು ಪಟ್ಟಣಗಳಲ್ಲಿಯೇ ನೆಲೆಸಿದರು. ಒಳನಾಡಿಗೆ ಬರುವ ಕಾರಣ ಅವರಿಗಿರಲಿಲ್ಲ. ಅಮೆರಿಕದ ಕಾನ್ಸುಲೇಟುಗಳು ಕೋಲ್ಕತ್ತಾ, ಮುಂಬಯಿ ಹಾಗೂ ಚೆನ್ನೈಗಳಲ್ಲಿ ನೆಲೆಗೊಂಡಿರುವುದು ಆ ಹಡಗಿನ ಕಾಲದ ಉಳಿಕೆಯೇ ಹೊರತು ಅರ್ಜಿದಾರರ ಸಂಖ್ಯೆಯನ್ನು ಲೆಕ್ಕಹಾಕಿ ಮಾಡಿದ ಏರ್ಪಾಡಲ್ಲ.

ಕಳುಹಿಸುವ ಪಕ್ಷವಾಗಿ ಭಾರತವು ಈ ಚಿತ್ರದಲ್ಲಿ ಕಾಣಿಸಿಕೊಳ್ಳುವುದು 1941ರಲ್ಲಿ. ಆ ವರ್ಷ ಗಿರಿಜಾ ಶಂಕರ್ ಬಾಜಪೇಯಿ ಅವರು ವಾಷಿಂಗ್ಟನ್‌ನಲ್ಲಿ ಭಾರತದ ಏಜೆಂಟ್ ಜನರಲ್ ಆಗಿ ನೇಮಕಗೊಂಡರು. ಅಮೆರಿಕದ ಪರವಾಗಿ ಥಾಮಸ್ ವಿಲ್ಸನ್ ಅವರು ಕಮಿಷನರ್ ಎಂಬ ಪದನಾಮದೊಂದಿಗೆ ನವದೆಹಲಿಗೆ ಬಂದರು. ಇಬ್ಬರೂ ರಾಯಭಾರಿಗಳೆನಿಸಲಿಲ್ಲ, ಭಾರತವು ಆಗ ಸ್ವತಂತ್ರ ರಾಷ್ಟ್ರವಾಗಿರಲಿಲ್ಲ. ದಿನಾಂಕ 1 ನವೆಂಬರ್ 1946ರಂದು ಪೂರ್ಣ ಪ್ರಮಾಣದ ರಾಜತಾಂತ್ರಿಕ ಸಂಬಂಧ ಏರ್ಪಟ್ಟು ಎರಡೂ ಕಚೇರಿಗಳು ರಾಯಭಾರ ಕಚೇರಿಗಳಾದವು. ಸರಿಯಾಗಿ ಹತ್ತು ವರ್ಷಗಳ ನಂತರ ಅದೇ ನವೆಂಬರ್ 1ರಂದು ಕನ್ನಡ ನಾಡು ಏಕೀಕರಣಗೊಂಡದ್ದು ಆಕಸ್ಮಿಕವಷ್ಟೆ. 1947ರಲ್ಲಿ ಆಸಫ್ ಅಲಿ ಅವರು ಅಮೆರಿಕಕ್ಕೆ ಭಾರತದ ಮೊದಲ ರಾಯಭಾರಿಯಾಗಿಯೂ, ಹೆನ್ರಿ ಗ್ರೇಡಿ ಅವರು ಭಾರತಕ್ಕೆ ಅಮೆರಿಕದ ಮೊದಲ ರಾಯಭಾರಿಯಾಗಿಯೂ ಕಾರ್ಯಭಾರ ವಹಿಸಿಕೊಂಡರು.

ಆಸಫ್ ಅಲಿ ಅವರ ನಂತರ, 1948ರಲ್ಲಿ, ವಾಷಿಂಗ್ಟನ್‌ನ ಹುದ್ದೆಗೆ ಬಂದವರು ಕರಾವಳಿ ಕರ್ನಾಟಕದ ಬೆನಗಲ್ ಮನೆತನದ ಬಿ. ರಾಮರಾವ್. ಅವರು 1949ರಲ್ಲಿ ಭಾರತೀಯ ರಿಸರ್ವ್ ಬ್ಯಾಂಕಿನ ಗವರ್ನರ್ ಹುದ್ದೆಯನ್ನು ವಹಿಸಿಕೊಂಡರು. ಅವರ ಅಣ್ಣ, ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬಿ.ಎನ್. ರಾವ್ ಅವರು ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಗೆ ಭಾರತದ ಪ್ರತಿನಿಧಿಯಾಗಿದ್ದು, ಕೊರಿಯಾ ಯುದ್ಧ ಆರಂಭವಾದ 1950ರ ಜೂನ್‌ನಲ್ಲಿ ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನದಲ್ಲಿದ್ದರು. ಒಂದೇ ಮನೆಯ ಇಬ್ಬರು ಸಹೋದರರು ಇಷ್ಟು ದೊಡ್ಡ ಹೊಣೆ ಹೊತ್ತಿದ್ದ ಆ ದಿನಗಳಲ್ಲಿ ಸಾಮಾನ್ಯ ಭಾರತೀಯನಿಗೆ ಅಮೆರಿಕದ ಬಾಗಿಲು ಬಹುತೇಕ ಮುಚ್ಚಿಯೇ ಇತ್ತು. 1946ರ ಕಾನೂನಿನಂತೆ ವರ್ಷಕ್ಕೆ ಕೇವಲ 100 ಮಂದಿ ಭಾರತೀಯರಿಗೆ ವಲಸೆಯ ಅವಕಾಶವಿತ್ತು. 1965ರ ವಲಸೆ ಕಾನೂನಿನ ತರುವಾಯವೇ ಈ ಮಿತಿ ಹೋದದ್ದು. 2023-24ನೇ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ 3,31,602.

ಸ್ವಾತಂತ್ರ್ಯಾನಂತರ ಅಮೆರಿಕವು ಭಾರತದಲ್ಲಿ ತೆರೆದ ಮೊದಲ ಹೊಸ ಕಾನ್ಸುಲೇಟ್ ಹೈದರಾಬಾದಿನದು. ಅದು 2008ರ ಅಕ್ಟೋಬರ್‌ನಲ್ಲಿ ಪ್ರಾರಂಭವಾಯಿತು. ವೀಸಾ ನೀಡಿಕೆ ಆರಂಭವಾದದ್ದು 2009ರಲ್ಲಿ. ಬೆಂಗಳೂರಿನಲ್ಲಿ ಜರ್ಮನಿ, ಫ್ರಾನ್ಸ್, ಇಸ್ರೇಲ್, ಜಪಾನ್ ಮುಂತಾದ ದೇಶಗಳು ಒಂದೊಂದಾಗಿ ಕಚೇರಿ ತೆರೆಯುತ್ತ ಬಂದರೂ, ಮಾಹಿತಿ ತಂತ್ರಜ್ಞಾನದ ನಂಟು ಎಲ್ಲಕ್ಕಿಂತ ಗಾಢವಾಗಿದ್ದ ಅಮೆರಿಕದ ಕಾನ್ಸುಲೇಟ್ ಮಾತ್ರ ಇರಲಿಲ್ಲ. 2023ರ ಜೂನ್‌ನ ಜಂಟಿ ಹೇಳಿಕೆಯಲ್ಲಿ ಬೆಂಗಳೂರು ಹಾಗೂ ಅಹಮದಾಬಾದ್‌ಗಳಲ್ಲಿ ಅಮೆರಿಕದ ಕಾನ್ಸುಲೇಟುಗಳನ್ನು ತೆರೆಯುವ ಉದ್ದೇಶವನ್ನು ಪ್ರಕಟಿಸಲಾಯಿತು. ಪ್ರತಿಯಾಗಿ ಭಾರತವು ಸಿಯಾಟಲ್‌ನಲ್ಲಿ ಕಾನ್ಸುಲೇಟ್ ತೆರೆಯುವುದಾಗಿ ತಿಳಿಸಿ, ಅದೇ ವರ್ಷ ತೆರೆಯಿತು.

2025ರ ಜನವರಿಯಲ್ಲಿ ಬೆಂಗಳೂರಿನ ಕಾನ್ಸುಲೇಟನ್ನು ವಿದೇಶಾಂಗ ಸಚಿವ ಎಸ್. ಜೈಶಂಕರ್ ಹಾಗೂ ಅಂದಿನ ಅಮೆರಿಕದ ರಾಯಭಾರಿ ಎರಿಕ್ ಗಾರ್ಸೆಟಿ ಅವರು ಉದ್ಘಾಟಿಸಿದರು. ಕಚೇರಿಯು ನಗರದ ಹೋಟೆಲ್ ಕಟ್ಟಡವೊಂದರಲ್ಲಿ, ವಾಣಿಜ್ಯ ಸೇವಾ ವಿಭಾಗದ ಜೊತೆಯಲ್ಲಿ, ತಾತ್ಕಾಲಿಕವಾಗಿ ಆರಂಭವಾಯಿತು. ವೀಸಾ ಸೇವೆಯು ಅಂದು ಆರಂಭವಾಗಲಿಲ್ಲ. ಅದಕ್ಕೆ ಸೂಕ್ತ ಕಟ್ಟಡ, ಭದ್ರತಾ ವ್ಯವಸ್ಥೆ ಮತ್ತು ಸಿಬ್ಬಂದಿ ಬೇಕಾಗುತ್ತದೆ. ಎರಡು ಶತಮಾನಗಳ ಹಿಂದೆ ಕಲ್ಕತ್ತೆಯಲ್ಲಿ ಆದಂತೆ, ಇಲ್ಲಿಯೂ ಮೊದಲು ಬಂದದ್ದು ವಾಣಿಜ್ಯವೇ. ಉದ್ಘಾಟನೆಯ ಛಾಯಾಚಿತ್ರವನ್ನು ಕಂಡು ಬೆಂಗಳೂರಿನಲ್ಲಿ ಸಂದರ್ಶನ ಕೊಡಿಸುವುದಾಗಿ ಹಣ ಕೇಳುವ ಮಧ್ಯವರ್ತಿಗಳ ಮಾತಿಗೆ ಅರ್ಜಿದಾರರು ಮರುಳಾಗಬಾರದು. ಯಾವ ನಗರದಲ್ಲಿ ಸಂದರ್ಶನ ಲಭ್ಯವಿದೆ ಎಂಬುದನ್ನು ಅಮೆರಿಕದ ಅಧಿಕೃತ ವೀಸಾ ಜಾಲತಾಣದಲ್ಲಿ ಮಾತ್ರ ಖಚಿತಪಡಿಸಿಕೊಳ್ಳತಕ್ಕದ್ದು.

ನಿಡಸೋಸಿಯ ದೃಷ್ಟಿಯಿಂದ ಇನ್ನೊಂದು ಸಂಗತಿಯಿದೆ. ಅಮೆರಿಕದ ಕಾರ್ಯವ್ಯಾಪ್ತಿ ವಿಂಗಡಣೆಯಲ್ಲಿ ಕರ್ನಾಟಕವು ಬಹುಕಾಲ ಚೆನ್ನೈ ಕಾನ್ಸುಲೇಟಿಗೆ ಸೇರಿತ್ತು. ಚೆನ್ನೈಯು ನಿಡಸೋಸಿಯಿಂದ ಸುಮಾರು 900 ಕಿ.ಮೀ. ದೂರದಲ್ಲಿದೆ. ಸಮೀಪದ ಸಂಕೇಶ್ವರದ ಮೂಲಕ ಹಾದುಹೋಗುವ ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಮುಂಬಯಿ ಸುಮಾರು 450 ಕಿ.ಮೀ., ದಕ್ಷಿಣಕ್ಕೆ ಹೊರಟರೆ ಬೆಂಗಳೂರು ಸುಮಾರು 550 ಕಿ.ಮೀ. ಅಂದರೆ ಬೆಂಗಳೂರಿನಲ್ಲಿ ವೀಸಾ ಸೇವೆ ಪೂರ್ಣವಾಗಿ ದೊರೆತರೂ, ಮೈಸೂರು ಅಥವಾ ತುಮಕೂರಿನವರಿಗೆ ಆಗುವಷ್ಟು ಅನುಕೂಲ ಹುಕ್ಕೇರಿ ತಾಲ್ಲೂಕಿನವರಿಗೆ ಆಗಲಾರದು. ಭಾರತದಲ್ಲಿ ವಾಸಿಸುವ ಅರ್ಜಿದಾರರು ದೇಶದೊಳಗಿನ ಯಾವುದೇ ಅಮೆರಿಕನ್ ವೀಸಾ ಕೇಂದ್ರದಲ್ಲಿ ಸಮಯ ಕಾಯ್ದಿರಿಸಲು ಅವಕಾಶವಿರುವುದರಿಂದ, ರಾಜ್ಯದ ಗಡಿಯನ್ನು ನೋಡದೆ ದಿನಾಂಕ ಮತ್ತು ದೂರವನ್ನು ನೋಡಿ ಆಯ್ಕೆ ಮಾಡುವುದು ಲೇಸು. ಬೆರಳಚ್ಚು ಹಾಗೂ ಭಾವಚಿತ್ರಕ್ಕೆ ಒಂದು ಕೇಂದ್ರ, ಸಂದರ್ಶನಕ್ಕೆ ಮತ್ತೊಂದು ಕಚೇರಿ ಎಂಬ ಪದ್ಧತಿಯಿರುವುದರಿಂದ ಸಾಮಾನ್ಯವಾಗಿ ಎರಡು ದಿನಗಳ ವಸತಿಯ ಖರ್ಚನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹೊಲ ಬಿಟ್ಟು ಮಗನ ಜೊತೆಗೆ ಹೊರಡುವ ತಂದೆಗೆ ಇದು ಸಣ್ಣ ಹೊರೆಯಲ್ಲ.

2025ರಲ್ಲಿ ಈ ಹೊರೆ ಇನ್ನಷ್ಟು ಹೆಚ್ಚಿತು. ಆ ವರ್ಷದ ಸೆಪ್ಟೆಂಬರ್‌ನಿಂದ, ಸಂದರ್ಶನವಿಲ್ಲದೆ ವೀಸಾ ನವೀಕರಿಸಿಕೊಳ್ಳುವ ಸೌಲಭ್ಯವನ್ನು ಬಹುತೇಕ ವರ್ಗಗಳಿಗೆ ಅಮೆರಿಕ ಹಿಂತೆಗೆದುಕೊಂಡಿತು. ತಾತ್ಕಾಲಿಕ ವೀಸಾ ಬಯಸುವವರು ತಮ್ಮ ಪೌರತ್ವದ ಅಥವಾ ವಾಸದ ದೇಶದಲ್ಲಿಯೇ ಅರ್ಜಿ ಸಲ್ಲಿಸಬೇಕೆಂದು ಅದೇ ತಿಂಗಳು ಸೂಚಿಸಲಾಯಿತು. ಭಾರತದಲ್ಲಿ ದಿನಾಂಕ ಸಿಗದಿದ್ದಾಗ ಬ್ಯಾಂಕಾಕ್‌ನಂತಹ ನಗರಗಳಿಗೆ ಹೋಗಿ ಸಂದರ್ಶನ ಮುಗಿಸಿ ಬರುತ್ತಿದ್ದವರ ದಾರಿ ಇದರಿಂದ ಮುಚ್ಚಿತು. 2023ರ ಜೂನ್‌ನಲ್ಲಿ 185 ಡಾಲರ್‌ಗಳಿಗೆ ಏರಿದ ವಿದ್ಯಾರ್ಥಿ ವೀಸಾ ಅರ್ಜಿ ಶುಲ್ಕವು, ಅರ್ಜಿ ತಿರಸ್ಕೃತವಾದರೂ ಹಿಂದಿರುಗುವಂಥದ್ದಲ್ಲ. ವೀಸಾ ನೀಡುವುದು ಅಥವಾ ನಿರಾಕರಿಸುವುದು ಸಂಪೂರ್ಣವಾಗಿ ಆ ದೇಶದ ಅಧಿಕಾರ. ಜನಪ್ರತಿನಿಧಿಗಳ ಅಥವಾ ಅಧಿಕಾರಿಗಳ ಶಿಫಾರಸು ಪತ್ರಕ್ಕೆ ಕಾನ್ಸುಲರ್ ಅಧಿಕಾರಿಗಳು ಬದ್ಧರಾಗಿರುವುದಿಲ್ಲವಾದ್ದರಿಂದ, ಅದಕ್ಕಾಗಿ ಕಚೇರಿಗಳಿಗೆ ಅಲೆಯುವುದು ವ್ಯರ್ಥ.

ಸ್ವದೇಶದ ಸೇವೆಯಲ್ಲಿ ಮಾತ್ರ ದೂರವು ನಿಜಕ್ಕೂ ಕಡಿಮೆಯಾಗಿದೆ. ಪಾಸ್‌ಪೋರ್ಟ್ ಸೇವಾ ಯೋಜನೆಯ ಪ್ರಾಯೋಗಿಕ ಕೇಂದ್ರಗಳು 2010ರಲ್ಲಿ ಕರ್ನಾಟಕದಲ್ಲಿಯೇ ಆರಂಭವಾದವು. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗವು 2017ರ ಜನವರಿಯಲ್ಲಿ ಮೈಸೂರು ಹಾಗೂ ಗುಜರಾತಿನ ದಾಹೋದ್‌ಗಳಲ್ಲಿ ನಡೆಯಿತು. ಬೆಳಗಾವಿಯ ಅಂಚೆ ಕಚೇರಿಯಲ್ಲಿಯೂ ಇಂತಹ ಕೇಂದ್ರ ಬಂದ ಮೇಲೆ, ನಿಡಸೋಸಿಯವರು ಪಾಸ್‌ಪೋರ್ಟಿಗಾಗಿ ಹುಬ್ಬಳ್ಳಿಗೆ ಹೋಗಲೇಬೇಕೆಂಬ ಅನಿವಾರ್ಯತೆ ಉಳಿದಿಲ್ಲ. ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಕೈಸೇರುವ ಮೊದಲೇ ಪಾಸ್‌ಪೋರ್ಟ್ ಪಡೆದಿಟ್ಟುಕೊಳ್ಳುವುದು ಉತ್ತಮ. ವೀಸಾ ಅರ್ಜಿಯಾದ ಡಿಎಸ್-160 ನಮೂನೆಯಲ್ಲಿ ಹೆಸರು ಮತ್ತು ಜನ್ಮದಿನಾಂಕಗಳು ಪಾಸ್‌ಪೋರ್ಟಿನಲ್ಲಿರುವಂತೆಯೇ ಇರತಕ್ಕದ್ದು. ಶಾಲಾ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ ಎಂಬಂತಹ ವ್ಯತ್ಯಾಸಗಳು ಉತ್ತರ ಕರ್ನಾಟಕದ ಅರ್ಜಿಗಳಲ್ಲಿ ಸಾಮಾನ್ಯವಾದುದರಿಂದ ಈ ಬಗ್ಗೆ ವಿಶೇಷ ಗಮನ ಅಗತ್ಯ.

ಕೊನೆಯದಾಗಿ, ಯಾವ ಕಚೇರಿ ಯಾರ ನೆರವಿಗೆ ಇದೆ ಎಂಬ ವಿಷಯದಲ್ಲಿ ಗೊಂದಲವಿರುವುದು ಕಂಡುಬರುತ್ತದೆ. ಬೆಂಗಳೂರು, ಚೆನ್ನೈ ಅಥವಾ ಮುಂಬಯಿಯ ಅಮೆರಿಕನ್ ಕಾನ್ಸುಲೇಟುಗಳು ಕಷ್ಟದಲ್ಲಿ ನೆರವಾಗಬೇಕಾದದ್ದು ಅಮೆರಿಕದ ಪ್ರಜೆಗಳಿಗೆ. ಅಮೆರಿಕದಲ್ಲಿ ವ್ಯಾಸಂಗ ಮಾಡುತ್ತಿರುವ ಅಥವಾ ದುಡಿಯುತ್ತಿರುವ ಭಾರತೀಯ ಪ್ರಜೆಯು ಅಪಘಾತ, ಬಂಧನ ಅಥವಾ ಮರಣಕ್ಕೆ ಒಳಗಾದಲ್ಲಿ, ಊರಿನಲ್ಲಿರುವ ಕುಟುಂಬದವರು ಸಂಪರ್ಕಿಸಬೇಕಾದದ್ದು ಅಲ್ಲಿರುವ ಭಾರತದ ಕಚೇರಿಗಳನ್ನು: ವಾಷಿಂಗ್ಟನ್‌ನ ರಾಯಭಾರ ಕಚೇರಿ ಅಥವಾ ನ್ಯೂಯಾರ್ಕ್, ಷಿಕಾಗೊ, ಹ್ಯೂಸ್ಟನ್, ಅಟ್ಲಾಂಟಾ, ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್ ಮೊದಲಾದ ನಗರಗಳ ಕಾನ್ಸುಲೇಟುಗಳು. ಬಂಧಿತ ಪ್ರಜೆಯು ತನ್ನ ದೇಶದ ಕಾನ್ಸುಲ್ ಅವರನ್ನು ಸಂಪರ್ಕಿಸುವ ಹಕ್ಕು 1963ರ ಒಪ್ಪಂದದ 36ನೇ ವಿಧಿಯಲ್ಲಿದೆ. 2015ರಲ್ಲಿ ವಿದೇಶಾಂಗ ಸಚಿವಾಲಯವು ಆರಂಭಿಸಿದ ‘ಮದದ್’ ಜಾಲತಾಣದ ಮೂಲಕ ಕುಟುಂಬದವರು ಮನೆಯಿಂದಲೇ ಅಹವಾಲು ದಾಖಲಿಸಬಹುದಾಗಿದೆ. ಮೃತದೇಹವನ್ನು ತಾಯ್ನಾಡಿಗೆ ತರಲು ಆರ್ಥಿಕವಾಗಿ ಅಶಕ್ತರಾದ ಕುಟುಂಬಗಳಿಗೆ, ಅರ್ಹತೆಗೆ ಒಳಪಟ್ಟು, 2009ರಲ್ಲಿ ಸ್ಥಾಪಿತವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನೆರವು ನೀಡಲು ಅವಕಾಶವಿದೆ. ಅಹವಾಲು ದಾಖಲಿಸುವಾಗ ಸಂಬಂಧಿಸಿದ ವ್ಯಕ್ತಿಯ ಪಾಸ್‌ಪೋರ್ಟ್ ಸಂಖ್ಯೆಯು ತೀರಾ ಉಪಯುಕ್ತವಾಗುವುದರಿಂದ, ವಿದೇಶಕ್ಕೆ ಹೊರಡುವವರು ತಮ್ಮ ಪಾಸ್‌ಪೋರ್ಟ್ ಮತ್ತು ವೀಸಾದ ನಕಲು ಪ್ರತಿಯೊಂದನ್ನು ಮನೆಯಲ್ಲಿ ಬಿಟ್ಟು ಹೋಗತಕ್ಕದ್ದು.