ಬೀದಿದೀಪದ ಬಿಲ್ಲು ಯಾರ ತಲೆಗೆ?



2002ರಲ್ಲಿ ವಿದ್ಯುತ್ ಪ್ರಸರಣ ನಿಗಮದಿಂದ ಸರಬರಾಜು ಬೇರೆಯಾಯಿತು, ಕಂಪನಿಗಳು ಬಂದವು. ಬೀದಿದೀಪಕ್ಕೂ ಕುಡಿಯೋ ನೀರಿನ ಮೋಟಾರಿಗೂ ಪಂಚಾಯ್ತಿ ಕರೆಂಟು ಕೊಳ್ಳೋದು ಇವರ ಹತ್ತಿರವೇ. ಆ ಕರಾರು ಕಾಗದವನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

ಲೆಕ್ಕ ಹಾಕಿ. 40 ವ್ಯಾಟಿನ 100 ದೀಪ ಹಗಲು 12 ಗಂಟೆ ಸುಮ್ಮನೆ ಉರಿದರೆ ದಿನಕ್ಕೆ 48 ಯೂನಿಟ್, ತಿಂಗಳಿಗೆ 1,440 ಯೂನಿಟ್ ದಂಡ. ಮೀಟರಿಲ್ಲದ ಕಡೆ ಕಂಪನಿ ಬರೆದದ್ದೇ ಲೆಕ್ಕ. ಕಟ್ಟೋದು ಮಾತ್ರ ನಿಮ್ಮ ಮನೆಗಂದಾಯ, ನಿಮ್ಮೂರಿಗೆ ಬಂದ ಅನುದಾನ.

ಸೊಸೈಟಿ ಸಾಲದ ಕಂತು ತಪ್ಪಿದರೆ ನಮ್ಮ ಬಾಗಿಲಿಗೆ ನೋಟೀಸು ಬರುತ್ತೆ. ಪಂಚಾಯ್ತಿ ಬಾಕಿ ಬೆಳೆದರೆ ಊರಿಗೆ ಸುದ್ದಿಯೇ ಇರೋದಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ: ಕರಾರು ತೋರಿಸಿ, ಮೀಟರು ಹಾಕಿಸಿ, ಬಿಲ್ಲು ಓದಿ ಹೇಳಿ. ತೋರಿಸದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಸಾಲ ನಮ್ಮದಾದರೆ ಲೆಕ್ಕವೂ ನಮ್ಮದೇ.