ಮೂರು ಸಲ 'ಬೀಪ್' ಅಂದರೆ ಫೈಲು ಹೋಯ್ತು!

ಮದುವೆಯನ್ನಾದರೂ ಮುಂದಕ್ಕೆ ಹಾಕಬಹುದು, ಹನ್ನೊಂದನೇ ದಿನದ ಕಾರ್ಯ ಮುಂದಕ್ಕೆ ಹಾಕೋಕಾಗುತ್ತಾ ಸ್ವಾಮಿ? ಮನೆಯಲ್ಲಿ ಹಿರಿಯರು ತೀರಿಕೊಂಡ ಮೂರನೇ ದಿನಕ್ಕೆ ಮಗ ಒಂದು ಹಳೇ ಫೋಟೋ ಹಿಡಿದು ರಾಜಾನುಕುಂಟೆಯ ಡಿ.ಟಿ.ಪಿ. ಅಂಗಡಿಗೆ ಬರುತ್ತಾನೆ. ಕಾರ್ಡಿನ ಮ್ಯಾಟರ್ ರಾತ್ರಿಯೊಳಗೆ ಆಗಬೇಕು, ಬೆಳಗ್ಗೆ ಮೊದಲ ಬಸ್ಸಿಗೆ ಪ್ರೆಸ್‌ಗೆ ಹೋಗಬೇಕು. ಅಚ್ಚಾಗಿ ಬಂದಮೇಲೆ ಅತ್ತ ದೊಡ್ಡಬಳ್ಳಾಪುರ, ಇತ್ತ ಯಲಹಂಕ ಅಂತ ನೆಂಟರ ಮನೆಗಳಿಗೆ ಹಂಚಬೇಕು. ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಒಬ್ಬರ ಹೆಸರೂ ಬಿಡೋಹಾಗಿಲ್ಲ. ಎಲ್ಲಾ ಕೂರಿಸಿ, ಫೋಟೋ ಇಟ್ಟು, ಇನ್ನೇನು ಪ್ರಿಂಟ್ ಕೊಡಬೇಕು ಅನ್ನುವಾಗ ಪರದೆ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಆಮೇಲೆ ಪುಟವೂ ಇಲ್ಲ, ಪೇಜ್‌ಮೇಕರೂ ಇಲ್ಲ.

"ಅಣ್ಣಾ, ಹ್ಯಾಂಗ್ ಆಯ್ತು" ಅನ್ನುತ್ತಾಳೆ ಕೀಲಿಮಣೆ ಮುಂದೆ ಕೂತ ಹುಡುಗಿ.

"ಏನಮ್ಮಾ, ಯಾವಾಗ ಬಂದ್ರೂ ಇದೇ ಆಯ್ತಲ್ಲ ನಿಂದು!"

ಗಿರಾಕಿಯ ಬೈಗುಳ ಅವಳಿಗೆ. ಅಂಗಡಿ ಓನರ್ರಿನ ಗೊಣಗಾಟವೂ ಅವಳಿಗೇ. ಕೆಲಸ ಕೆಟ್ಟ ದಿನ ಕೂಲಿ ಹಿಡಿಯುವ ಮಹಾನುಭಾವರೂ ಇದ್ದಾರೆ. ಹಿಂದೆ ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಕಟ್ಟಿದ ಪುಟ ಕೈಜಾರಿ ಮೊಳೆ ಚೆಲ್ಲಿದರೆ ಕಂಪೋಸಿಟರ್ ಹುಡುಗನ ಕಿವಿ ಹಿಂಡುತ್ತಿದ್ದರು. ಅಲ್ಲಿ ಕೈಜಾರಿದ್ದು ಹುಡುಗನದೇ, ಸರಿ. ಇಲ್ಲಿ ಜಾರಿದ್ದು ಯಾರ ಕೈ?

ಈ ಪೇಜ್‌ಮೇಕರ್ ಅನ್ನೋದು ಹುಟ್ಟಿದ್ದು 1985ರಲ್ಲಿ, ಅಮೆರಿಕದ ಆಲ್ಡಸ್ ಎಂಬ ಕಂಪನಿಯಲ್ಲಿ. ಮೇಜಿನ ಮೇಲೇ ಪುಟ ಕಟ್ಟುವ ವಿದ್ಯೆಯನ್ನು ಬೀದಿಬೀದಿಗೆ ತಂದ ಪುಣ್ಯ ಅದರದ್ದೇ. 1994ರಲ್ಲಿ ಅಡೋಬಿ ಕಂಪನಿ ಆಲ್ಡಸ್ಸನ್ನು ಕೊಂಡಿತು. ಕೊನೆಯ ದೊಡ್ಡ ಆವೃತ್ತಿ 7.0 ಬಂದದ್ದು 2001ರಲ್ಲಿ. ಇನ್ನು ಮುಂದೆ ಇದನ್ನು ಬೆಳೆಸುವುದಿಲ್ಲ ಅಂತ ಕಂಪನಿ 2004ರಲ್ಲಿ ಕೈತೊಳೆದುಕೊಂಡಿತು. ಅಂದರೆ, ಹೆತ್ತವರೇ ಬಿಟ್ಟು ಇಪ್ಪತ್ತು ವರ್ಷ ದಾಟಿದ ತಂತ್ರಾಂಶದ ಮೇಲೆ ಇವತ್ತಿಗೂ ಊರಿನ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜಾತ್ರೆಯ ಕರಪತ್ರ ನಿಂತಿವೆ. ಅಸಲಿ ಸಿ.ಡಿ. ಎಷ್ಟು ಅಂಗಡಿಯಲ್ಲಿದೆ ಅಂತ ಮಾತ್ರ ಯಾರೂ ಕೇಳಬಾರದು. ಕದ್ದ ಸಿ.ಡಿ.ಯ ಜೊತೆ ವೈರಸ್ ಪುಕ್ಕಟೆ ಬರುತ್ತದೆ.

ಅದಕ್ಕೆ ಹೊಂದುತ್ತಿದ್ದ ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟಿತು. ವಿಂಡೋಸ್ 7ರ ಆಸರೆ 2020ರ ಜನವರಿಗೆ, ವಿಂಡೋಸ್ 10ರದ್ದು 2025ರ ಅಕ್ಟೋಬರ್‌ಗೆ ಮುಗಿಯಿತು. ಮೆಷೀನು ಬದಲಾದಂತೆಲ್ಲ ಹಳೇ ತಂತ್ರಾಂಶ ಹೊಸ ಮನೆಗೆ ಬಂದ ಮುದುಕರ ಹಾಗೆ ಹೊಸ್ತಿಲು ಎಡವುತ್ತಲೇ ಇರುತ್ತದೆ.

ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ಬೀಳುವುದಕ್ಕೆ ಕಾರಣಗಳಿವೆ, ಹುಡುಕಿದರೆ ಸಿಗುತ್ತವೆ. ಮೊದಲನೆಯ ಗುಮಾನಿ ಪ್ರಿಂಟರ್ ಮೇಲೆ. ಪ್ರಿಂಟು ಕೊಡದಿದ್ದರೂ ಪೇಜ್‌ಮೇಕರ್ ಪುಟ ಕಟ್ಟುವಾಗಲೇ ಪ್ರಿಂಟರ್ ಯಾವುದು ಅಂತ ವಿಚಾರಿಸುತ್ತದೆ. ಪಕ್ಕದ ಕೋಣೆಯ ಪ್ರಿಂಟರ್ ಆರಿಸಿಟ್ಟಿದ್ದರೆ ಉತ್ತರಕ್ಕೆ ಕಾಯುತ್ತಾ ಕೂರುತ್ತದೆ. ಸರಿಯಾದ ಪೋಸ್ಟ್‌ಸ್ಕ್ರಿಪ್ಟ್ ಡ್ರೈವರ್ ಒಂದನ್ನು ಮೊದಲ ಪ್ರಿಂಟರ್ ಅಂತ ಇಟ್ಟುಕೊಂಡರೆ ಅರ್ಧ ರಗಳೆ ತಪ್ಪುತ್ತದೆ.

ಎರಡನೆಯ ಗುಮಾನಿ ಫಾಂಟು. ಗಿರಾಕಿ ತಂದದ್ದು, ಪ್ರೆಸ್‌ನವರು ಕೊಟ್ಟದ್ದು, ಗೆಳೆಯನ ಪೆನ್‌ಡ್ರೈವಿನಿಂದ ಬಂದದ್ದು ಎಲ್ಲಾ ಸೇರಿ ನೂರಾರು ಫಾಂಟು ಒಂದೇ ಗೋಣಿಯಲ್ಲಿ. ಅದರಲ್ಲಿ ಒಂದು ಕೆಟ್ಟಿದ್ದರೂ ಸಾಕು, ಆ ಅಕ್ಷರ ಬಳಸಿದ ಫೈಲು ತೆರೆದ ಕೂಡಲೇ ಬೀಳುತ್ತದೆ. ಎಲ್ಲಾ ಹೊರಗೆ ತೆಗೆದು, ಅರ್ಧರ್ಧವಾಗಿ ಹಾಕುತ್ತಾ ಬಂದರೆ ಕಳ್ಳ ಸಿಕ್ಕಿಬೀಳುತ್ತಾನೆ. ಇನ್ನು ಪೆನ್‌ಡ್ರೈವಿನಲ್ಲೇ ಫೈಲು ತೆರೆದು ಕೆಲಸ ಮಾಡುವ ಚಾಳಿ ಬಿಡಲೇಬೇಕು. ಮೊದಲು ಕಂಪ್ಯೂಟರಿಗೆ ಇಳಿಸಿಕೊಳ್ಳುವುದು, ಕೆಲಸ ಮುಗಿದಮೇಲೆ ವಾಪಸು ಹಾಕುವುದು.

ಸೇವ್ ಮಾಡುವುದರಲ್ಲೂ ಒಂದು ಗುಟ್ಟಿದೆ. ಬರೀ 'ಸೇವ್' ಒತ್ತಿದರೆ ಪೇಜ್‌ಮೇಕರ್ ಹೊಸದನ್ನು ಹಳೆಯದರ ಬಾಲಕ್ಕೆ ಅಂಟಿಸುತ್ತಾ ಹೋಗುತ್ತದೆ, ಫೈಲು ಊದಿಕೊಳ್ಳುತ್ತದೆ. 'ಸೇವ್ ಆ್ಯಸ್' ಕೊಟ್ಟರೆ ಕಸ ಗುಡಿಸಿ ಹೊಸದಾಗಿ ಬರೆಯುತ್ತದೆ. ಪುಟ ಬದಲಿಸಿದಾಗೆಲ್ಲ ಅದು ತಾನಾಗಿ ಒಂದು ಪುಟ್ಟ ಸೇವ್ ಮಾಡಿಟ್ಟುಕೊಳ್ಳುತ್ತದೆ. ಆದರೆ ಕಾರ್ಡು ಅಂದರೆ ಒಂದೇ ಪುಟ, ತಿರುಗಿಸೋಕೆ ಇನ್ನೊಂದು ಪುಟವೇ ಇಲ್ಲ! ಅದಕ್ಕೇ ತಿಥಿ ಕಾರ್ಡು ಮಾಡುವವರಿಗೆ ನಷ್ಟ ಜಾಸ್ತಿ. ಕೆಳಗೆ ಮೂಲೆಯಲ್ಲಿರುವ ಪುಟದ ಗುರುತನ್ನು ಆಗಾಗ ಒತ್ತಿದರೂ ಆ ಪುಟ್ಟ ಸೇವ್ ಆಗುತ್ತದೆ. ಶಿಫ್ಟ್ ಹಿಡಿದು 'ರಿವರ್ಟ್' ಒತ್ತಿದರೆ ಅಲ್ಲಿಗೆ ಹಿಂದಿರುಗಬಹುದು. ಕೆಲಸ ಕಲಿಸುವಾಗ ಇದನ್ನು ಎಷ್ಟು ಜನ ಹೇಳಿಕೊಡುತ್ತಾರೋ ದೇವರೇ ಬಲ್ಲ.

ಫೈಲಿನ ಒಳಗೇ ಹುಳ ಹತ್ತಿದ್ದರೆ, 'ಬ್ಯಾಡ್ ರೆಕಾರ್ಡ್ ಇಂಡೆಕ್ಸ್' ಎಂಬ ಶಾಪ ಕಾಣಿಸಿಕೊಂಡರೆ, ಕೊನೆಯ ಔಷಧಿ ಒಂದಿದೆ. ಏನನ್ನೂ ಆರಿಸದೆ, ಬಾಣದ ಗುರುತು ಹಿಡಿದು, ಕಂಟ್ರೋಲ್ ಮತ್ತು ಶಿಫ್ಟ್ ಒತ್ತಿಕೊಂಡೇ ಟೈಪ್ ಮೆನುವಿನ ಹೈಫನೇಶನ್ ಒತ್ತಬೇಕು. ಯಂತ್ರ ತನ್ನ ನಾಡಿ ತಾನೇ ನೋಡಿಕೊಳ್ಳುತ್ತದೆ. ಒಂದು ಸಲ ಬೀಪ್ ಅಂದರೆ ದೋಷವಿಲ್ಲ. ಎರಡು ಸಲ ಅಂದರೆ ದೋಷವಿತ್ತು, ಸರಿಹೋಯಿತು. ಮೂರು ಸಲ ಅಂದರೆ ದೋಷವಿದೆ, ತನ್ನ ಕೈಲಾಗದು ಅಂತ. ಡಾಕ್ಟರು ಕೈಚೆಲ್ಲಿದ ಹಾಗೆ. ಒಳ್ಳೇ ಪ್ಯಾರಾಗಳನ್ನು ಒಂದೊಂದಾಗಿ ಹೊಸ ಫೈಲಿಗೆ ಎತ್ತಿ ಹಾಕುವುದೊಂದೇ ಉಳಿದ ದಾರಿ.

ಇಷ್ಟೆಲ್ಲಾ ಮಾಡಿದರೂ ಅದು ತೇಪೆಯೇ. ಹೊಸದಕ್ಕೆ ಹೋಗಿ ಅಂದರೆ ಅಂಗಡಿಯವರು ಎರಡು ಮಾತು ಹೇಳುತ್ತಾರೆ. ಒಂದು, ದುಡ್ಡು. ಅಡೋಬಿಯವರ ಇನ್‌ಡಿಸೈನ್‌ಗೆ ಚಂದಾ ಕಟ್ಟುತ್ತಲೇ ಇರಬೇಕು. ಲಗ್ನದ ತಿಂಗಳಲ್ಲಿ ದುಡಿದು ಆಷಾಢದಲ್ಲಿ ಕೂತು ತಿನ್ನುವ ಅಂಗಡಿಗೆ ಅದು ಭಾರ, ಒಪ್ಪಬೇಕಾದ ಮಾತು. ಎರಡನೆಯದು, "ಪ್ರೆಸ್ಸೋರು ಹಳೇ ಫೈಲೇ ಕೇಳ್ತಾರೆ ಸಾರ್."

ರೋಗದ ಬೇರು ಇರುವುದು ಇಲ್ಲೇ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ಅದರಲ್ಲಿ ಬಳಸುವ ಹಳೇ ನುಡಿ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿಕೊಂಡ ವೇಷಗಾರರು. ಫಾಂಟು ಕಳಚಿದರೆ 'ಕೆಂಪಮ್ಮ' ಹೋಗಿ ಇಂಗ್ಲಿಷ್ ಕಸ ಉಳಿಯುತ್ತದೆ. ಅದಕ್ಕೆ ಪ್ರೆಸ್‌ನವರು ತಮ್ಮ ಬಳಿ ಇರುವ ಫಾಂಟು, ತಮ್ಮ ಬಳಿ ಇರುವ ಪೇಜ್‌ಮೇಕರ್ ಅಂತ ಹಟ ಹಿಡಿಯುತ್ತಾರೆ. ಪಿ.ಡಿ.ಎಫ್. ತೆಗೆದುಕೊಂಡರೆ ಫಾಂಟು ಅದರೊಳಗೇ ಕೂತು ಬರುತ್ತದೆ, ಈ ಹಟಕ್ಕೆ ಅರ್ಥವೇ ಇರುವುದಿಲ್ಲ. ಕೊನೇ ಗಳಿಗೆಯಲ್ಲಿ ಒಂದು ಅಕ್ಷರ ತಿದ್ದಬೇಕಾದರೆ ಪಿ.ಡಿ.ಎಫ್.ನಲ್ಲಿ ಕಷ್ಟ ಅನ್ನುತ್ತಾರೆ, ನಿಜ. ತಿದ್ದಿ ಇನ್ನೊಂದು ಕಳಿಸೋಕೆ ವಾಟ್ಸಾಪ್‌ನಲ್ಲಿ ಎಷ್ಟು ಹೊತ್ತು ಬೇಕು?

ದುಡ್ಡಿನ ಮಾತಿಗೂ ಉತ್ತರವಿದೆ. ಸ್ಕ್ರೈಬಸ್ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ, ಕದಿಯಬೇಕಾಗಿಲ್ಲ. 2024ರಲ್ಲಿ ಬಂದ ಅದರ 1.6 ಆವೃತ್ತಿಯಲ್ಲಿ ಕನ್ನಡದ ಒತ್ತಕ್ಷರ ಕೂರುತ್ತದೆ, ಹಳೇ ಪೇಜ್‌ಮೇಕರ್ ಫೈಲನ್ನೂ ಒಂದು ಮಟ್ಟಕ್ಕೆ ತೆರೆಯುತ್ತದೆ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಯೂನಿಕೋಡ್‌ನಲ್ಲೂ ಇರುವುದರಿಂದ ಹುಡುಗಿಯ ಬೆರಳು ಹೊಸದಾಗಿ ಕಲಿಯುವುದೇನೂ ಇಲ್ಲ. ಹಳೇ ಮ್ಯಾಟರನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳೂ ಇವೆ. ಅರ್ಕಾವತ್ತು, ಒತ್ತಕ್ಷರ ಇದ್ದ ಕಡೆ ಮಾತ್ರ ಕಣ್ಣಿಟ್ಟು ಪ್ರೂಫ್ ನೋಡಬೇಕು. ಲಗ್ನಪತ್ರಿಕೆಗೆ ಬೇಕಾದ ಬಳುಕಿನ ಅಕ್ಷರಗಳು ಯೂನಿಕೋಡ್‌ನಲ್ಲಿ ಕಡಿಮೆ ಅನ್ನುವುದು ನ್ಯಾಯವಾದ ದೂರು. ಬಾಲೂ ತಮ್ಮ, ಗುಬ್ಬಿ, ನವಿಲು, ನೋಟೊ ಇವೆಯಾದರೂ ಮದುವೆ ಮನೆಯವರ ಕಣ್ಣಿಗೆ ಸಾಲುವುದಿಲ್ಲ. ತಿಥಿ ಕಾರ್ಡಿಗೆ ಧಾರಾಳವಾಗಿ ಸಾಕು.

ಹಳೇ ಎಕ್ಸ್‌ಪಿ ಮೆಷೀನನ್ನು ಈಗಲೇ ಗುಜರಿಗೆ ಹಾಕುವುದು ಬೇಡ. ಇಂಟರ್‌ನೆಟ್ ತಂತಿ ಕಿತ್ತು, ಹಳೇ ಫೈಲು ತೆರೆಯೋಕೆ ಅಂತ ಮೂಲೆಯಲ್ಲಿರಲಿ. ಆಷಾಢದಲ್ಲಿ ಲಗ್ನಗಳಿಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಹೊತ್ತು. ಒಂದೇ ಒಂದು ಕಾರ್ಡನ್ನು ಸ್ಕ್ರೈಬಸ್‌ನಲ್ಲಿ ಕಟ್ಟಿ, ಪಿ.ಡಿ.ಎಫ್. ಮಾಡಿ, ಓನರ್ರು ತಾವೇ ಬಸ್ಸು ಹತ್ತಿ ಪ್ರೆಸ್‌ನವರ ಮೇಜಿನ ಮೇಲೆ ಇಡಲಿ. ಆಗೋದಿಲ್ಲ ಅಂದರೆ ಯಾಕೆ ಆಗೋದಿಲ್ಲ ಅಂತ ನಿಂತು ಕೇಳಲಿ. ಅಲ್ಲಿಯವರೆಗೆ ಹುಡುಗಿಯ ಕೂಲಿಗೆ ಕೈ ಹಾಕದಿರಲಿ.